ಭಾಗೀರಥಮ್ಮನ ಪಾಲು

ಭಾಗೀರಥಮ್ಮನ ಪಾಲಿನ ಕಾಲುವೆ ನೀರನ್ನು ನದಿ ಮಂಡಳಿ ಪಕ್ಕದ ರಾಜ್ಯದ ಕಾರ್ಖಾನೆಗೆ ಮಾರಿತು. ಮೂಲ ಹಕ್ಕುದಾರ ಚಿದಾನಂದನಿಗೆ ವಾರಸುದಾರರಿಲ್ಲ ಎಂದು ಕಡತದಲ್ಲಿ ಬರೆಯಿತು. ಭಾಗೀರಥಮ್ಮ ಚಿದಾನಂದನ ಒಬ್ಬಳೇ ಮಗಳು.

ನದಿ ಎರಡು ರಾಜ್ಯಗಳದು. ಹೊಸ ನಿಯಮ ಬಂದ ಮೇಲೆ ನೀರಿನ ಪಾಲೂ ಸಂತೆಯ ಸರಕು. ವಾರಸಿಲ್ಲದ ಪಾಲು ಮಂಡಳಿಯದು. ಆಕೆ ಕೇಳಹೋದರೆ ರಾಜ್ಯ ಕೇಂದ್ರದ ಕಡೆ ಬೆರಳು ತೋರಿತು, ಕೇಂದ್ರ ರಾಜ್ಯದ ಕಡೆ. ಆಧಾರ್ ಕಾರ್ಡಿನಲ್ಲಿ ಗಂಡನ ಹೆಸರಿತ್ತು, ಅಪ್ಪನದಿರಲಿಲ್ಲ. ಹಳೆಯ ದಾಖಲೆ ತನ್ನಿ, ಕಾಶಿ ಪುರೋಹಿತರ ವಂಶಾವಳಿ ಹೊತ್ತಿಗೆಯಾದರೂ ಆದೀತು ಎಂದಿತು ಮಂಡಳಿ. ಹಾಗೆ ಆಕೆ ಕೇದಾರ ಘಾಟಿನ ಮೆಟ್ಟಿಲು ಹತ್ತಿ, ಶಿವಾಲ ಬೀದಿಯಲ್ಲಿ ಕನ್ನಡ ಯಾತ್ರಿಕರ ಪುರೋಹಿತ ನರಸಿಂಹನ ಮುಂದೆ ಬಂದು ಕೂತಳು. ನಾಲ್ಕು ವರ್ಷದವಳಿದ್ದಾಗ, ಅರವತ್ತೊಂದರ ದೀಪಾವಳಿಗೆ, ಅಪ್ಪ ಕರೆತಂದಿದ್ದ. ನರಸಿಂಹನ ಅಜ್ಜ ಬದರಿ ಅವಳ ಹೆಸರು ಬರೆದುಕೊಂಡು ಕೈಗೆ ಕಲ್ಲುಸಕ್ಕರೆ ಇಟ್ಟಿದ್ದ.

ಹೊತ್ತಿಗೆ ಬಿಚ್ಚಿದರೆ ಆ ವರ್ಷದ ಹಾಳೆಯೇ ಗೆದ್ದಲಿನ ಪಾಲಾಗಿತ್ತು.

"ಬಾಢ್ ಬಂದು ಗಂಗೆ ಉಕ್ಕಿದಾಗ ಮಹಡಿಗೆ ಸಾಗಿಸಿ, ಅಲ್ಲೇ ನೆಲದ ಮೇಲಿಟ್ಟುಬಿಟ್ಟಿದ್ವಿ. ನಮ್ಮದೇ ಗಲ್ತಿ," ಎಂದ ನರಸಿಂಹ.

"ಮಂಡಳಿಯೋರು ನನ್ನ ನೀರು ಕುಡಿದ್ರು, ನಿಮ್ಮ ಹುಳ ನನ್ನ ಹೆಸರು ತಿಂತು. ಬಲೇ ಹಸಿವು ಬಿಡಪ್ಪ ಎಲ್ಲರಿಗೂ!"

ಆಕೆ ನಕ್ಕದ್ದು ಅವನಿಗೆ ಚುಚ್ಚಿತು. ಅವತ್ತೇ ನಿರ್ಧರಿಸಿದ. ನಿಜವನ್ನು ಅಳಿಸಲು ಮಂಡಳಿಗೆ ಒಂದು ಸಾಲು ಸಾಕಾಯಿತು. ಮತ್ತೆ ಬರೆಯಲು ತನಗೂ ಒಂದು ಸಾಲು ಸಾಕು.

ಅದೇ ಹೊತ್ತಿಗೆಯ ಕೊನೆಯಲ್ಲಿ ಖಾಲಿ ಹಾಳೆಗಳಿದ್ದವು. ಒಂದನ್ನು ಬಿಡಿಸಿಕೊಂಡ. ಅಜ್ಜನಂತೆಯೇ ದೀಪದ ಮಸಿ, ಗೋಂದು ಅರೆದು ಶಾಯಿ ಮಾಡಿದ, ಲೇಖಣಿ ಕೆತ್ತಿದ. ಕನ್ನಡ ಅಕ್ಷರ ಕಲಿತದ್ದೇ ಅಜ್ಜನ ಬರಹ ತಿದ್ದಿ; ಕೈ ತಾನಾಗಿ ಅವನಂತೆ ಬಾಗಿತು. ಪಕ್ಕದ ಹಾಳೆಯ ಹುಳುಕಿಗೆ ಸರಿಯಾಗಿ ಕಾದ ಸೂಜಿಯಿಂದ ತೂತು ಕೊರೆದ. ಒಂದೇ ವರ್ಷಕ್ಕೆ ಉತ್ತರದವರು ಹೇಳುವ ಸಂವತ್ಸರದ ಹೆಸರು ಬೇರೆ, ಕಾಶಿಯಲ್ಲಿ ಹುಟ್ಟಿ ಬೆಳೆದವನು ಎಡವುವುದು ಅಲ್ಲೇ ಎಂಬುದೂ ಗೊತ್ತಿತ್ತು. ಬೆರಳೆಣಿಸಿ ದಕ್ಷಿಣದ ಲೆಕ್ಕವನ್ನೇ ಹಿಡಿದ. ಬರೆದ: 'ಪ್ಲವ ಸಂವತ್ಸರ, ಕಾರ್ತಿಕ ಬಹುಳ ಅಮಾವಾಸ್ಯೆ, ದೀಪಾವಳಿ. ಚಿದಾನಂದ, ಮಗಳು ಭಾಗೀರಥಿ ಸಹಿತ ಬಂದು ಗಂಗಾಸ್ನಾನ ಮಾಡಿದ್ದು.'

"ಬೆಳಿಗ್ಗೆಯಿಂದ ಯಾರಿಗಪ್ಪ ಪತ್ರ? ಪಿಂಡದ ಕಾಗೆಗಳಿಗಾ?" ತಾಯಿ ತುಂಗಾಬಾಯಿ ಬಾಗಿಲಲ್ಲಿ ನಿಂತಿದ್ದಳು. ಆಕೆ ತುಂಗಭದ್ರೆಯ ದಡದಿಂದ ಸೊಸೆಯಾಗಿ ಬಂದವಳು. "ಕೊಡು ಇಲ್ಲಿ, ಓದ್ತೀನಿ."

"ಚಷ್ಮಾ ಮೊದಲು ಹುಡುಕಮ್ಮ," ಎಂದು ಹಾಳೆ ಮುಚ್ಚಿದ.

ಹಾಳೆಯನ್ನು ಏಳು ಬಿಸಿಲು ಒಣಗಿಸಿ, ಹಳೆಯ ದಾರದಲ್ಲೇ ಹೊಲಿದ. ಹೊತ್ತಿಗೆ ಕಾಶಿ ಬಿಟ್ಟು ಹೋಗುವುದಿಲ್ಲವೆಂದು ಮಂಡಳಿಗೆ ಬರೆದಾಗ, ಪರಿಶೀಲನೆಗೆ ಶ್ರೀಜಾ ಎಂಬ ಅಧಿಕಾರಿಯೇ ಬಂದಳು. ಕಂಟೋನ್ಮೆಂಟಿನ ಹೋಟೆಲಿನಿಂದ ಆಟೋ ಹಿಡಿದು, ಗಲ್ಲಿಯಲ್ಲಿ ನಡೆದು, ಚಾಪೆಯ ಮೇಲೆ ಕೂತು ಭೂತಗನ್ನಡಿ ತೆಗೆದಳು. ಕಾಗದ ನೋಡಿದಳು, ಶಾಯಿ ನೋಡಿದಳು, ತೂತಿನ ಮೇಲೆ ಬೆರಳಾಡಿಸಿದಳು. ನರಸಿಂಹ ನೆಮ್ಮದಿಯಿಂದ ಚಾಯ್ ತರಿಸಿದ.

ಅವಳು ಹಿಂದಿನ ವರ್ಷಗಳ ದೀಪಾವಳಿಗಳನ್ನು ಒಂದೊಂದಾಗಿ ತಿರುವಿದಳು. "ನಿಮ್ಮಜ್ಜ ಎಲ್ಲ ಕಡೆ 'ಆಶ್ವಯುಜ ಬಹುಳ ಅಮಾವಾಸ್ಯೆ' ಅಂತಲೇ ಬರೆದಿದ್ದಾರೆ. ನಮ್ಮ ಕಡೆ ದೀಪಾವಳಿ ಆಶ್ವಯುಜದಲ್ಲೇ ಅಲ್ವಾ ಆಚಾರ್ರೇ? ಕಾರ್ತಿಕ ಅನ್ನೋದು ಇಲ್ಲಿಯೋರು." ನರಸಿಂಹನಿಗೆ ಹುಟ್ಟಿದಾಗಿನಿಂದ ದೀಪಾವಳಿ ಕಾರ್ತಿಕದ್ದೇ, ಅದು ಬೇರೆ ಇದ್ದೀತೆಂದು ಹೊಳೆದೇ ಇರಲಿಲ್ಲ. ಅವಳು ಬಿಳಿ ಹಾಳೆ ಮುಂದಿಟ್ಟಳು. "ಬರೀರಿ. ಈ ಪುಟ ಸುಳ್ಳು. ಚಿದಾನಂದನಿಗೆ ಮಗಳಿಲ್ಲ. ಎರಡು ಮಾತು, ಒಂದು ಸಹಿ. ಪೊಲೀಸರ ತನಕ ಹೋಗಲ್ಲ." ನರಸಿಂಹ 'ಈ ಪುಟ ಸುಳ್ಳು, ಬರೆದವನು ನಾನು' ಎಂದು ಅಜ್ಜನ ಅಕ್ಷರದಲ್ಲೇ ಬರೆದು, ಸಹಿ ಹಾಕಿ, ಲೇಖಣಿ ಕೆಳಗಿಟ್ಟ. "ಇನ್ನೊಂದು?" ಎಂದಳು. "ಅದು ಬರೆಯಲ್ಲ. ಮಗಳು ಇದ್ದಾಳೆ ಮೇಡಂ. ಪೊಲೀಸರನ್ನ ಕರೀರಿ."