ಕಿಟಕಿ ಪಕ್ಕದ ಜಾಗ

"ನಾನೇನು ಹೊಡೆದ್ನಾ? ತಳ್ಳಿದ್ನಾ? ಜೋಕ್ ಮಾಡ್ದೆ ಅಷ್ಟೆ, ಅತ್ತೆ."

ಚಿನಕುರಳಿ ಮುಖ ಊದಿಸಿಕೊಂಡು ಕುಳಿತಿದ್ದಳು. ಬಾಯಿ ಸುಮ್ಮನಿರದ ಅವಳನ್ನು ಮನೆಯಲ್ಲೂ ಕ್ಲಾಸಿನಲ್ಲೂ ಕರೆಯುವುದೇ ಹಾಗೆ.

ಅವಳ ಬೆಂಚಿನ ಗೆಳೆಯ ಗುಂಡ. ಅವನ ಅಪ್ಪ ಎತ್ತರದ ಕಟ್ಟಡಗಳ ಹೊರಗೆ ಹಗ್ಗದಲ್ಲಿ ನೇತಾಡುತ್ತಾ ಗಾಜು ಒರೆಸುವವರು. ಈಗ ಸ್ಕೂಲಿನ ಎದುರು ಕಟ್ಟಡದಲ್ಲೇ ಅವರಿಗೆ ಕೆಲಸ. ಆಗಾಗ ಮಗನ ಕಡೆ ಹಳದಿ ಬಟ್ಟೆ ಬೀಸುತ್ತಿದ್ದರು. ಕಿಟಕಿ ಪಕ್ಕ ಕುಳಿತ ಗುಂಡ ಹಿಗ್ಗುತ್ತಿದ್ದ.

ಹೋದ ವಾರ ಗುಂಡ ಅವಳನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಮೊದಲೇ ಮೂಗಿನ ತುದಿಯಲ್ಲಿ ಕೋಪ ಅವಳಿಗೆ. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ಗುಂಡನ ಬಳಿ ಓಡಿಹೋಗಿ, "ನಿಮ್ಮಪ್ಪನ ಹಗ್ಗ ಕಿತ್ತುಹೋಯ್ತು ಕಣೋ, ಬಿದ್ಬಿಟ್ರು" ಎಂದಳು.

ಸ್ವಲ್ಪ ಅಳುತ್ತಾನೆ, ಆಮೇಲೆ ನಕ್ಕುಬಿಡೋಣ ಎಂದುಕೊಂಡಿದ್ದಳು. ಗುಂಡ ಅಳಲಿಲ್ಲ. ಒದ್ದೆ ನೆಲದ ಮೇಲೆ ಕುಸಿದು ಕುಳಿತ. ಬಾಯಿ ತೆರೆದರೂ ದನಿ ಬರಲಿಲ್ಲ. ವಿಷಯ ತಿಳಿದು ಅಪ್ಪನೇ ಓಡಿಬಂದು ಎತ್ತಿಕೊಂಡರೂ ಅವನ ನಡುಕ ನಿಲ್ಲಲಿಲ್ಲ. ಈಗ ದಿನಾ ಬೆಳಿಗ್ಗೆ ಅಪ್ಪನ ಬ್ಯಾಗ್ ಹಿಡಿದುಕೊಂಡು, ಕೆಲಸಕ್ಕೆ ಹೋಗಬೇಡ ಎನ್ನುತ್ತಾನಂತೆ. ಟೀಚರ್ ಇದನ್ನೆಲ್ಲ ಅತ್ತೆಗೆ ಹೇಳಿದ್ದರು.

ಅತ್ತೆ ಲಾಯರ್. ಬೈಯಲಿಲ್ಲ. ಕರಿ ಕೋಟಿಗೆ ಇಸ್ತ್ರಿ ಹಾಕುತ್ತಾ ಒಂದು ಕೇಸಿನ ವಿಷಯ ಹೇಳಿದರು. ಒಬ್ಬಾತ ತನ್ನ ಪಕ್ಕದ ಮನೆಯಾಕೆಗೆ ಫೋನ್ ಮಾಡಿ, ನಿನ್ನ ಮಗ ಹೋಗಿಬಿಟ್ಟ ಎಂದು ಸುಳ್ಳು ಹೇಳಿದ್ದನಂತೆ. ಆಕೆ ಹಾಸಿಗೆ ಹಿಡಿದರಂತೆ.

"ಅವನೂ ನಿನ್ನ ಹಾಗೇ ಹೇಳ್ದ. ನಾನು ಮುಟ್ಲೇ ಇಲ್ಲ, ತಮಾಷೆಗೆ ಅಂದೆ ಅಂತ."

"ಜಡ್ಜ್ ಏನಂದ್ರು?"

"ಬೇಕಂತಲೇ ಹೆದರಿಸಿದ್ದೀಯ, ಆಕೆ ನೋವಿಗೆ ನೀನೇ ಹೊಣೆ, ಪರಿಹಾರ ಕೊಡು ಅಂದ್ರು."

"ಕೊಟ್ಮೇಲೆ ಆಂಟಿ ಸರಿಹೋದ್ರಾ?"

ಅತ್ತೆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟರು. "ಈಗ್ಲೂ ಫೋನ್ ರಿಂಗಾದ್ರೆ ಬೆಚ್ಚಿಬೀಳ್ತಾರೆ, ಪುಟ್ಟಿ."

ಅವತ್ತು ಚಿನಕುರಳಿ ಊಟ ಸರಿಯಾಗಿ ಮಾಡಲಿಲ್ಲ.

ಮರುದಿನ ಗುಂಡ ಬೆಂಚಿನ ಈಚೆ ತುದಿಯಲ್ಲಿ ಕುಳಿತಿದ್ದ. ಕಿಟಕಿಯ ಕಡೆ ನೋಡಲೂ ಅವನಿಗೆ ಭಯ. ಅವಳು ಸಾರಿ ಕೇಳಿದಾಗ ತಲೆಯಾಡಿಸಿದ ಅಷ್ಟೆ. ಅವಳೇ ಕಿಟಕಿ ಪಕ್ಕ ಕುಳಿತು ಎದುರು ಕಟ್ಟಡವನ್ನು ನೋಡತೊಡಗಿದಳು.

ಹಳದಿ ಬಟ್ಟೆ ಬೀಸಿದ್ದು ಕಾಣಿಸಿತು.

"ನಿಮ್ಮಪ್ಪ ಚೆನ್ನಾಗಿದ್ದಾರೆ ಕಣೋ. ಬಟ್ಟೆ ಬೀಸ್ತಿದ್ದಾರೆ," ಎಂದಳು ಮೆಲ್ಲಗೆ.

ಗುಂಡ ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು, ಕಿಟಕಿಯ ಸರಳು ಹಿಡಿದು, ತಾನೇ ಇಣುಕಿದ.

ಮೊದಲಾಗಿದ್ದರೆ, ನನ್ನ ಮಾತು ನಂಬಲ್ವಾ ಎಂದು ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಇವತ್ತು ಸರಿದು ಕುಳಿತು, ಅವನಿಗೆ ಜಾಗ ಬಿಟ್ಟಳು.