ಕುಂಕುಮವಿಲ್ಲದ ಹಾರ್ಡ್ ಡಿಸ್ಕ್

ನಾಲ್ಕು ಗಂಟೆ ಹಿಡಿಯಬೇಕಾಗಿದ್ದ ಫಿಲ್ಮಿನ ನಕಲು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗಿತ್ತು. ಯಕ್ಷಿತಾ ಓಡೋಡಿ ಬಂದು ಚಂಪಾಳ ಬಾಗಿಲು ಬಡಿದದ್ದು ಅದಕ್ಕೇ.

"ಚಿಕ್ಕಮ್ಮ, ಫಿಲ್ಮ್ ಹೋಯ್ತು! ಮಾಸ್ತರು ಹೋದ್ರು!"

"ಮಾಸ್ತರು ಹೋಗಿ ಎರಡು ತಿಂಗಳಾಯ್ತಲ್ಲ ಮಾರಾಯ್ತಿ," ಎಂದಳು ಚಂಪಾ, ಗಾಬರಿಯಿಂದ ಗ್ಯಾಸ್ ಆರಿಸುತ್ತ. ಅಕ್ಕನ ಮಗಳ ಮುಖ ನೋಡಿದ ಮೇಲೆ ಇನ್ನೊಂದು ಮಾತಾಡದೆ ಎದುರು ಮನೆಯ ಬೆಲ್ ಒತ್ತಿದಳು.

ಎದುರು ಮನೆಯಲ್ಲಿದ್ದವರು ಧಾರವಾಡದ ಭುವನೇಶ್ವರಿ. ಫೋರ್ಟಿನ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ ಲಾಕರ್ ಕೋಣೆ ನೋಡಿಕೊಂಡು ನಿವೃತ್ತರಾದವರು. ಚೆಂಬೂರಿನ ಆ ಕಾಲೊನಿಯಲ್ಲಿ ಬೆಂಡೋಲೆಯಿಂದ ಹಿಡಿದು ಗಣಪತಿ ಮಂಟಪದ ಮೈಕಿನವರೆಗೆ ಏನೇ ಕಾಣೆಯಾದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಚಂಪಾ ಪ್ರತಿ ಸಲವೂ ಚಹಾದ ಫ್ಲಾಸ್ಕ್ ಹಿಡಿದು ಜೊತೆಗಿರುತ್ತಿದ್ದಳು; ಅರ್ಧ ಕೀರ್ತಿ ತನಗೂ ಸೇರಬೇಕೆಂಬುದು ಅವಳ ಖಾಸಗಿ ಅಭಿಪ್ರಾಯ.

"ಅಳಬ್ಯಾಡವಾ. ಮೊದಲಿಂದ ಹೇಳು," ಎಂದರು ಭುವನೇಶ್ವರಿ, ಚಪ್ಪಲಿ ಮೆಟ್ಟುತ್ತಲೇ.

ಹಿಂದಿನ ಬಿಲ್ಡಿಂಗಿನಲ್ಲಿದ್ದ ಸ್ಟುಡಿಯೊ ತಲುಪುವಷ್ಟರಲ್ಲಿ ಕತೆ ತಿಳಿಯಿತು. ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ನಲವತ್ತು ವರ್ಷ ಕಲಿಸಿದ ಗುರುಪಾದ ಮಾಸ್ತರರ ಮೇಲೆ ಯಕ್ಷಿತಾ ತನ್ನ ಮೊದಲ ಚಿತ್ರ ಮಾಡಿದ್ದಳು. ಭಾನುವಾರ ಶಾಲೆಯ ಹಾಲ್‌ನಲ್ಲೇ ಪ್ರದರ್ಶನ. ಮಾಸ್ತರರ ಹೆಂಡತಿ ರಾಚವ್ವ ಗಂಡನ ಧ್ವನಿ ಕೇಳಲು ದಿನ ಎಣಿಸುತ್ತಿದ್ದರು. ಮಾಸ್ತರರ ಮಾತಿನ ರೆಕಾರ್ಡಿಂಗ್ ಬೇರೆಲ್ಲೂ ಇರಲಿಲ್ಲ.

"ಎರಡು ಡಿಸ್ಕ್ ಇತ್ತು. ಟೇಬಲ್ ಮೇಲೆ ಒಂದು, ಕಪಾಟಿನಲ್ಲಿ ಅದರದ್ದೇ ಕಾಪಿ," ಎಂದಳು ಯಕ್ಷಿತಾ. "ಟೇಬಲ್ ಡಿಸ್ಕ್ ಹ್ಯಾಂಗ್ ಆಗ್ತಿತ್ತು. ಫಾರ್ಮ್ಯಾಟ್ ಮಾಡಿ ಕಪಾಟಿಂದ ವಾಪಸ್ ಹಾಕು ಅಂತ ಹಿತೇಶ್‌ಗೆ ಹೇಳಿದ್ದೆ. ಈಗ ನೋಡಿದ್ರೆ ಕಪಾಟಿನದ್ರಲ್ಲಿ ಬರೀ ಪ್ರಾಜೆಕ್ಟ್ ಫೈಲ್ ಇದೆ. ಅದು ಒಂದು ಲಿಸ್ಟ್ ಅಷ್ಟೇ, ಯಾವ ಶಾಟ್ ಎಲ್ಲಿ ಬರಬೇಕು ಅಂತ. ವಿಡಿಯೊ ಒಂದೂ ಇಲ್ಲ!"

"ಇಂಟರ್‌ನೆಟ್‌ನ್ಯಾಗ ಇಟ್ಟಿಲ್ಲೇನು?"

"ಅಷ್ಟು ದೊಡ್ಡ ವಿಡಿಯೊ ಏರಿಸೋಕೆ ತಿಂಗಳು ಬೇಕು ಆಂಟಿ. ಅಲ್ಲೂ ಲಿಸ್ಟ್ ಮಾತ್ರ. ಅಳಿಸಿದ್ದನ್ನ ತೆಗೆದುಕೊಡೋ ಅಂಗಡಿಯವನು ಹತ್ತು ದಿನ ಕೇಳ್ತಾನೆ, ಗ್ಯಾರಂಟಿ ಇಲ್ಲ ಅಂತಾನೆ."

ಸಹಾಯಕ ಎಡಿಟರ್ ಹಿತೇಶ್ ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. "ಕಸಮ್ ಸೇ, ದೇವರಾಣೆ ಆಂಟಿ, ನಿನ್ನೆ ಚೆಕ್ ಮಾಡೇ ಅಳಿಸಿದ್ದು. ಕಪಾಟಿನ ಡಿಸ್ಕ್ ಹಾಕ್ದೆ, ಪ್ರಾಜೆಕ್ಟ್ ಓಪನ್ ಮಾಡ್ದೆ, ಮಾಸ್ತರು ಮಸ್ತಾಗಿ ಮಾತಾಡಿದ್ರು!"

"ಸುಳ್ಳು! ಇಲ್ಲದ ವಿಡಿಯೊ ಹೇಗೆ ಮಾತಾಡುತ್ತೆ?" ಯಕ್ಷಿತಾ ಕಿರುಚಿದಳು. "ಇವತ್ತಿಂದ ನೀನು ಬರಬೇಡ."

ಭುವನೇಶ್ವರಿ ಕೈಯೆತ್ತಿ ತಡೆದರು. "ತಡಿ ಯವ್ವಾ. ಹಿತೇಶ, ಚೆಕ್ ಮಾಡೂ ಮುಂದ ಟೇಬಲ್ ಡಿಸ್ಕ್ ತಗದಿದ್ದಿ, ಇಲ್ಲಾ ಕಂಪ್ಯೂಟರಿಗೆ ಹಚ್ಚೇ ಇತ್ತ?"

"ಹಚ್ಚೇ ಇತ್ತು. ಯಾಕೆ?"

ಭುವನೇಶ್ವರಿ ಕಪಾಟಿನ ಡಿಸ್ಕ್ ತರಿಸಿದರು. ಅದರ ಉದ್ದ ಕೇಬಲಿನ ನಡುಭಾಗ ಸುರುಳಿ ಸುತ್ತಿ, ಬಿಳಿ ದಾರದಿಂದ ಕಟ್ಟಿತ್ತು, ಜೋಡಿಸುವ ತುದಿಗಳಷ್ಟೇ ಹೊರಗಿದ್ದವು. ಚಂಪಾ ದಾರದ ತುದಿ ಹಿಡಿದು ಎಳೆದಳು, ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ದಾರವನ್ನು ಬೆರಳಿಗೆ ಸುತ್ತಿ ಪರ್ಸಿಗೆ ಹಾಕಿಕೊಂಡಳು, ಮನೆಯಲ್ಲಿ ಅಂಥ ದಾರದ ಉಂಡೆಯೇ ಇತ್ತು. ಭುವನೇಶ್ವರಿ ಡಿಸ್ಕನ್ನು ತಿರುಗಿಸಿ ನೋಡಿದರು. ಮೇಲೆ 'ಗುರುಪಾದ ಮಾಸ್ತರು' ಎಂಬ ಚೀಟಿ, ಒಂದು ಮೂಲೆ ಎದ್ದಿತ್ತು. ಕೆಳಗಡೆ ಮೈ ನುಣ್ಣಗೆ ಹೊಳೆಯುತ್ತಿತ್ತು.

ಚಂಪಾ ಡಿಸ್ಕನ್ನು ಕಸಿದುಕೊಂಡಳು. "ಭುವನಕ್ಕ, ಇದು ಆ ಡಿಸ್ಕ್ ಅಲ್ಲವೇ ಅಲ್ಲ! ಆಯುಧಪೂಜೆಗೆ ಎಲ್ಲದಕ್ಕೂ ನಾನೇ ಗಂಧ ಕುಂಕುಮ ಹಚ್ಚಿದ್ದು. ಕೇಬಲ್ ತೂತಿನೊಳಗೆ ಹೋಗ್ತದೆ ಅಂತ ಈ ಹುಡುಗ ಬೊಬ್ಬೆ ಹಾಕಿದ, ಅದಕ್ಕೆ ಅಡಿಯಲ್ಲಿ ಹಚ್ಚಿದೆ. ಇದರಲ್ಲಿ ಕಲೆಯೂ ಇಲ್ಲ!"

"ಶಾಬಾಸ್!" ಭುವನೇಶ್ವರಿಯವರ ಕಣ್ಣು ಅರಳಿತು. "ಹಬ್ಬ ಮುಗದ ಮ್ಯಾಲ ಯಾರೋ ಅದಲಿ ಬದಲಿ ಮಾಡ್ಯಾರ. ಇಲ್ಲಿ ಕೀಲಿ ಯಾರ ಹತ್ರ ಐತಿ?"

ಕೀಲಿಕೈ ನಾಲ್ವರಲ್ಲಿತ್ತು. ಯಕ್ಷಿತಾ ಮತ್ತು ಹಿತೇಶ್ ಬಿಟ್ಟರೆ ಸೌಂಡ್ ರೆಕಾರ್ಡಿಂಗ್ ಮಾಡಿದ ಬೆಳಗಾವಿಯ ಅಮಿತ. ಚಿತ್ರದಲ್ಲಿ ತನ್ನ ಹೆಸರು ಕೊನೆಯಲ್ಲಿ ಬರುತ್ತದೆಂದು ಸೋಮವಾರ ಜಗಳವಾಡಿ ಹೋದವನು. ನಾಲ್ಕನೆಯವರು ಈ ಕೋಣೆಯ ಮಾಲೀಕ ಸದಾನಂದ ಶೆಟ್ಟರು. ಗ್ರಾಂಟ್ ರೋಡಿನಲ್ಲಿ ಅವರ ಹೋಟೆಲ್. ಹಿಂದೆ ಅಂಥದೇ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತ ಮಾಸ್ತರರ ಬಳಿ ಕಲಿತವರು.

"ಅಂಕಲ್ ಆಗಾಗ ಬೆಳಿಗ್ಗೆ ನಮಗಿಂತ ಮೊದಲೇ ಬಂದು ಕೂತಿರ್ತಾರೆ," ಎಂದ ಹಿತೇಶ್. "ಪ್ರಾಜೆಕ್ಟ್ ಓಪನ್ ಮಾಡೋದು ನಾನೇ ತೋರಿಸಿದ್ದೆ."

"ಮಾಸ್ತರದು ಪೂರ್ತಿ ಶೂಟಿಂಗ್ ಕೊಡು ಅಂತ ಕೇಳ್ತಿದ್ರು. ಭಾನುವಾರದ ಮೊದಲು ಯಾರಿಗೂ ಇಲ್ಲ ಅಂದೆ," ಎಂದಳು ಯಕ್ಷಿತಾ.

ಭುವನೇಶ್ವರಿ ಎರಡು ಗುಟುಕು ಚಹಾ ಕುಡಿದರು. "ಎಲ್ಲಾರೂ ನಾಲ್ಕಕ್ಕ ಶೆಟ್ಟರ ಹೋಟೆಲ್‌ಗೆ ಬರ್ರಿ. ಅಮಿತಗ ಹೇಳು, ರಾಚವ್ವರನ್ನ ದಾದರ್‌ನಿಂದ ಕರಕೊಂಡು ಬರಲಿ. ಲ್ಯಾಪ್‌ಟಾಪ್ ಮರೀಬ್ಯಾಡ. ಚಂಪಾ, ಆ ದಾರಾನೂ ತಗೋ."

ಟ್ಯಾಕ್ಸಿಯಲ್ಲಿ ಚಂಪಾ ಎಷ್ಟು ಪೀಡಿಸಿದರೂ ಭುವನೇಶ್ವರಿ "ನಾಲ್ಕಾಗಲಿ" ಎಂದಷ್ಟೇ ಹೇಳಿದರು.

ನಾಲ್ಕಕ್ಕೆ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ ಎಲ್ಲರೂ ಸೇರಿದರು. ವಿಷಯ ತಿಳಿದ ರಾಚವ್ವ ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಶೆಟ್ಟರು ಕಾಫಿ ಹೇಳಿ, ಕೌಂಟರು ಬಿಟ್ಟು ಬಂದು ಕುಳಿತರು. "ಎಂತ ಆಯ್ತು? ಕಪಾಟಿನದ್ದು ಉಂಟಲ್ಲ?"

"ಅದನ್ನs ಹೇಳಾಕ ಬಂದೇನ್ರಿ," ಎಂದರು ಭುವನೇಶ್ವರಿ. "ಹಿತೇಶ ಸುಳ್ಳು ಹೇಳಿಲ್ಲ. ಆಂವ ಓಪನ್ ಮಾಡಿದ್ದು ಬರೇ ಲಿಸ್ಟ್. ಅದು ಹೋಗಿ ವಿಡಿಯೊ ಹುಡುಕಿದ್ದು ಪಕ್ಕದಾಗ ಹಚ್ಚಿದ್ದ ಟೇಬಲ್ ಡಿಸ್ಕಿನ್ಯಾಗ. ಅದಕ್ಕ ಮಾಸ್ತರು ಮಾತಾಡಿದರು. ಟೇಬಲ್ ಡಿಸ್ಕ್ ತಗದು ಚೆಕ್ ಮಾಡಿದ್ದರ ನಿನ್ನೇನ ಗೊತ್ತಾಗತಿತ್ತು. ಅಂವಂದು ತಪ್ಪು, ಕಳ್ಳತನ ಅಲ್ಲ."

ಯಕ್ಷಿತಾ ಹಿತೇಶನ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

"ಹೊಸಾ ಡಿಸ್ಕ್ ಇಟ್ಟಾವ್ರೂ ಹಂಗs ಮೋಸ ಹೋಗ್ಯಾರ. ಹಾಳು ಮಾಡೂ ಮನಸ್ಸಿದ್ದರ ಖಾಲಿ ಡಿಸ್ಕ್ ಇಡತಿದ್ದರು. ಇವರು ಲಿಸ್ಟನ್ನ ಪಿಕ್ಚರ್ ಅಂತ ತಿಳದು ನಕಲು ಮಾಡ್ಯಾರ. ಇಂಥಾ ನಕಲು ಹಿತೇಶ, ಅಮಿತ ಮಾಡೂದಿಲ್ಲ, ಅದು ಅವರ ಕಸುಬು. ಇನ್ನ ಈ ದಾರ. ಚಂಪಾ, ಆ ಗಂಟು ಹ್ಯಾಂಗ ಬಿಚ್ಚಿತು?"

"ಒಂದೇ ಎಳೆತಕ್ಕೆ. ಇಡ್ಲಿ ಪಾರ್ಸೆಲಿನ ಹಾಗೆ..." ಚಂಪಾಳ ಮಾತು ಅಲ್ಲಿಗೇ ನಿಂತಿತು. ಹೊರಗೆ ಕೌಂಟರಿನ ಪಕ್ಕ ತೂಗುತ್ತಿದ್ದ ಬಿಳಿ ದಾರದ ಉಂಡೆ ಅವಳ ಕಣ್ಣಿಗೆ ಬಿತ್ತು.

ಎಲ್ಲರೂ ಶೆಟ್ಟರನ್ನು ನೋಡಿದರು. ಅರವತ್ತೈದು ದಾಟಿದ ಮನುಷ್ಯನ ಮುಖ ಕೆಂಪಾಯಿತು.

"ನಾನು ಕದಿಯಲಿಲ್ಲ," ಎಂದರು ಮೆಲ್ಲಗೆ. "ಹೊಸ ಡಿಸ್ಕ್ ತಂದು ನಕಲು ಮಾಡಿಕೊಂಡೆ. ಇಲ್ಲಿ ಹೋಟೆಲಿನ ಕಂಪ್ಯೂಟರಿಗೆ ಹಾಕಿದರೆ ತೆರೆಯುವುದೇ ಇಲ್ಲ. ಅಲ್ಲಿ ಸ್ಟುಡಿಯೊಕ್ಕೆ ಒಯ್ದು ಹಾಕಿದರೆ ಚಂದ ನಡೀತದೆ! ಹಳೆಯದು ಇಲ್ಲಿಯೂ ನಡೆಯಿತು. ಹೊಸದು ಅಲ್ಲಿರಲಿ, ಹಳೆಯದು ನನಗಿರಲಿ ಅಂತ ಚೀಟಿ ಬದಲಿಸಿದೆ. ಯಾರಿಗೂ ನಷ್ಟ ಇಲ್ಲ ಅಂದುಕೊಂಡೆ ಮಾರಾಯ್ರೆ."

"ಹಳೇದು ಎಲ್ಲೈತಿ ಅಂಕಲ್?" ಅಮಿತ ಎದ್ದೇ ನಿಂತ. "ಅಳಿಸಿಲ್ಲ ಹೌದಲ್ರಿ?"

"ಅವರನ್ನ ಕೇಳಬ್ಯಾಡ," ಎಂದರು ಭುವನೇಶ್ವರಿ. "ಕುಂಕುಮ ಹಚ್ಚಿದ್ದನ್ನ ಶೆಟ್ಟರು ಮೇಜಿನ ಖಾನೆಯೊಳಗ ಇಡೂದಿಲ್ಲ. ಅದೂ ಗುರುಗಳು ಅದರಾಗಿದ್ದಾಗ." ಅವರ ಬೆರಳು ಕೌಂಟರಿನ ಮೇಲಿದ್ದ ದೇವರ ಫೋಟೊಗಳತ್ತ ಚಾಚಿತು.

ಚಂಪಾ ಯಾರ ಅಪ್ಪಣೆಗೂ ಕಾಯದೆ ಸ್ಟೂಲ್ ಎಳೆದು ಹತ್ತಿದಳು. ಫೋಟೊಗಳ ನಡುವೆ, ಅಂದಿನ ಮಲ್ಲಿಗೆ ಏರಿಸಿಕೊಂಡು, ಕಪ್ಪು ಡಿಸ್ಕ್ ಕುಳಿತಿತ್ತು. ತಿರುಗಿಸಿದಳು. ಅವಳ ಬೆರಳಿನ ಕುಂಕುಮ ಹಾಗೇ ಇತ್ತು! "ಉಂಟು, ಉಂಟು!" ಎಂದು ಅವಳು ಕೂಗಿದ್ದಕ್ಕೆ ಹೊರಗಿನ ಗಿರಾಕಿಗಳೂ ತಟ್ಟೆ ಬಿಟ್ಟು ಎದ್ದರು.

"ಸಾರಿ ಹಿತೇಶ್. ನಾಳೆಯಿಂದ ಮೂರು ಕಾಪಿ. ನೀನೇ ಮಾಡು," ಎಂದಳು ಯಕ್ಷಿತಾ, ಡಿಸ್ಕನ್ನು ಲ್ಯಾಪ್‌ಟಾಪಿಗೆ ಜೋಡಿಸುತ್ತ. ಶೆಟ್ಟರತ್ತ ತಿರುಗಿದಳು. "ನಾನು ಒಮ್ಮೆ ತೋರಿಸಬೇಕಿತ್ತು ಅಂಕಲ್. ನಿಮಗೆ ಯಾವುದು ಬೇಕಿತ್ತು?"

ಅವರು ನಾಚುತ್ತ ಒಂದು ಫೈಲಿನ ಮೇಲೆ ಬೆರಳಿಟ್ಟರು. ಪರದೆಯ ಮೇಲೆ ಗುರುಪಾದ ಮಾಸ್ತರರು ಕನ್ನಡಕ ಸರಿಪಡಿಸಿಕೊಂಡರು. ರಾಚವ್ವ ಸೆರಗು ಬಾಯಿಗೆ ಒತ್ತಿಕೊಂಡು ಮುಂದೆ ಬಾಗಿದರು.

"ಸದಾನಂದ ಅಂತ ಒಬ್ಬಾಂವ ಇದ್ದ," ಎಂದಿತು ಧ್ವನಿ. "ಪಾತ್ರೆ ತೊಳೆದು ಹಂಗs ಓಡಿ ಬರತಿದ್ದ. ಪುಸ್ತಕ ಎಲ್ಲಾ ಒದ್ದಿ ಆಗತಿದ್ದವು. ದಿನಾ ಹೇಳತಿದ್ದೆ, ಸದಾನಂದ, ಮೊದಲ ಕೈ ಒರಸ್ಕೊಂಡ ಬಾ."

ಚಂಪಾ ಪಕ್ಕಕ್ಕೆ ನೋಡಿದಳು. ಶೆಟ್ಟರು ಕಣ್ಣು ಪರದೆಯಿಂದ ಕದಲಿಸದೆ, ಎರಡೂ ಅಂಗೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.