ಆಯೇರದ ಬಿಳಿ ಅಂಗಿ

ತಮ್ಮ ಅನೀಲಕುಮಾರನ ಮದುವೆಗೆ ಎಸ್ತೇರ ತಂದ ಆಯೇರದ ಬಟ್ಟೆಗೆ ಬಿದ್ದ ಖರ್ಚು ಹೀಗಿತ್ತು. ಹೆಂಗಸರಿಗೆ ಇಪ್ಪತ್ತಾರು ಸೀರೆ, ಒಂದೊಂದಕ್ಕೆ ನಾನೂರೈವತ್ತು. ಗಂಡಸರಿಗೆ ಹದಿನೆಂಟು ಶರ್ಟ್ ಪೀಸು, ಇನ್ನೂರಿಪ್ಪತ್ತರಂತೆ. ಹಿರಿಯರಿಗೆ ಟಾವೆಲ್ಲು, ಟೊಪ್ಪಿಗೆ ಬೇರೆ. ಮದುವೆ ಮಾಡುವವರು ಬಂಧುಬಳಗಕ್ಕೆ ಬಟ್ಟೆ ಕೊಟ್ಟು ಮರ್ಯಾದೆ ಮಾಡದಿದ್ದರೆ ಅದು ಮದುವೆಯೇ ಅಲ್ಲ. ಎಸ್ತೇರಳ ಮನೆಯವರು ಕ್ರೈಸ್ತರಾದರೂ ಈ ರೂಢಿಯನ್ನು ಬಿಟ್ಟವರಲ್ಲ.

ಇದೆಲ್ಲ ಆದ ಮೇಲೆ ಇನ್ನೊಂದು ಬಟ್ಟೆಯಿತ್ತು. ಬಿಳಿ ಲಿನನ್, ಸಾವಿರದ ನೂರು ರೂಪಾಯಿ. ಅದು ಪಟ್ಟಿಯಲ್ಲಿರಲಿಲ್ಲ.

“ಇದು ಯಾರಿಗೆ?” ಎಂದಳು ತಾಯಿ ಕಸ್ತೂರೆವ್ವ.

“ಗಿರಾಕಿದು.”

“ಗಿರಾಕಿ ರೊಕ್ಕ ಕೊಟ್ಟಾನೇನು?”

ಎಸ್ತೇರ ಹೊಲಿಗೆ ಮಷೀನಿನ ಪೆಡಲನ್ನು ಜೋರಾಗಿ ತುಳಿದಳು. ಆ ಸಪ್ಪಳದಲ್ಲಿ ಉತ್ತರ ಕೊಡುವ ಪ್ರಮೇಯ ಬರಲಿಲ್ಲ.

ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಟೇಲರಿಂಗ್ ಅಂಗಡಿ. ಸಿದ್ಧರಾಮ ಅಲ್ಲಿಗೆ ಮೊದಲ ಸಲ ಬಂದದ್ದು ಯೂನಿಫಾರ್ಮ್ ಹೊಲಿಸಲು. ಊರಿನ ಕರೆಂಟಿನ ಲೈನ್‌ಮನ್. ಮನೆ ಸಿಂದಗಿ ಕಡೆ ದೇವಣಗಾಂವ, ಕುರಿ ಸಾಕುವ ಮನೆತನ. ಒಂದು ಯೂನಿಫಾರ್ಮಿಗೆ ಬಂದವನು ಎರಡು ವರ್ಷದಲ್ಲಿ ಹತ್ತು ಸಲ ಗುಂಡಿ ಹಚ್ಚಿಸಿಕೊಂಡು ಹೋಗಿದ್ದ.

“ಈ ಗುಂಡಿ ತಾನಾಗಿ ಕಿತ್ತಿಲ್ಲ ಬಿಡ್ರಿ, ಲೈನ್‌ಮನ್ ಸಾಹೇಬ್ರ. ಬ್ಲೇಡ್ ಹಚ್ಚಿದ ಗುರುತು ಐತಿ.”

“ಕಂಬ ಹತ್ತೋವಾಗ ಸಿಕ್ಕಿರಬೇಕ್ರಿ, ಟೇಲರ್ ಬಾಯಾರ.”

“ಕಂಬಕ್ಕ ಬ್ಲೇಡ್ ಇರ್ತಾವೇನ್ರಿ?”

ಅವನು ನಗುತ್ತಿರಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗುತ್ತಿತ್ತು. ಎಸ್ತೇರ ತಲೆ ತಗ್ಗಿಸಿ ದಾರವನ್ನು ಹಲ್ಲಿನಿಂದ ಕಡಿಯುವಾಗ ಅವನ ಕಣ್ಣು ತನ್ನ ಹೆರಳಿನ ಮೇಲೆ ಇದೆಯೆಂದು ಗೊತ್ತಾಗುತ್ತಿತ್ತು. ತಲೆ ಎತ್ತಿದರೆ ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿರುತ್ತಿದ್ದ.

ಲಿನನ್ ಅಂಗಿಗೆ ಅಳತೆ ಕೇಳಲಿಲ್ಲ. ಅವಳಿಗೆ ಅದು ಬಾಯಿಪಾಠವಾಗಿತ್ತು. ಕಾಲರ್ ಮೂರು ಸಲ ಬಿಚ್ಚಿ ಹೊಲಿದಳು. ಮದುವೆಯ ಕಾರ್ಡಿನ ಜೊತೆ ಅದನ್ನು ಅವನ ಕೈಗಿತ್ತಳು.

“ಮದುವಿಗೆ ಇದನ್ನ ಹಾಕ್ಕೊಂಡು ಬರ್ರಿ.”

ಸಿದ್ಧರಾಮ ಅಂಗಿಯ ಕಾಲರ್ ಮೇಲೆ ಬೆರಳಾಡಿಸಿದ. “ಇದು ಆಯೇರೇನ್ರಿ?”

“ಹೌದ್ರಿ.”

“ಎಲ್ಲಾರಿಗೂ ಕೊಟ್ಟಂಗ?”

ಎದುರಂಗಡಿಯ ಜುಲ್ಫಿಕರ ತಕ್ಕಡಿ ಬಿಟ್ಟು ಇತ್ತಲೇ ನೋಡುತ್ತಿದ್ದ. ಎಸ್ತೇರಳಿಗೆ ನಾಚಿಕೆ ಅಡ್ಡ ಬಂತು. “ಮತ್ತೇನ್ರಿ? ಎಲ್ಲಾರಿಗೂ ಕೊಟ್ಟಂಗ,” ಎಂದುಬಿಟ್ಟಳು.

ಅವನು ಯಾವ ತಮಾಷೆಯೂ ಇಲ್ಲದೆ ಅಂಗಿಯನ್ನು ಮಡಿಚಿಕೊಂಡು ಹೋದ.

ಮದುವೆ ಮುದ್ದೇಬಿಹಾಳದಲ್ಲೇ, ಅವರ ಸಭೆಯ ಪ್ರಾರ್ಥನಾ ಹಾಲಿನಲ್ಲಿ. ಎಸ್ತೇರ ಮುಂದಿನ ಸಾಲಿನಲ್ಲಿ ನಿಂತು ಹಾಡು ಹೇಳಿಕೊಡುವವಳು. ಹಾಡುತ್ತಲೇ ಬಾಗಿಲು ನೋಡಿದಳು. ಎರಡನೆಯ ಹಾಡಿಗೆ ಸಿದ್ಧರಾಮ ಬಂದ. ಕೈಯಲ್ಲೊಂದು ಚೀಲ. ಮೈಮೇಲೆ ಹಳೆಯ ನೀಲಿ ಚೌಕಡಿ ಅಂಗಿ, ಮೊಣಕೈ ಹತ್ತಿರ ಬಣ್ಣ ಹೋದದ್ದು. ಕಟ್ಟಕಡೆಯ ಕುರ್ಚಿಯ ಮೇಲೆ ಕುಳಿತ.

ಹಾಡಿನ ಮುಂದಿನ ಸಾಲು ಅವಳಿಗೆ ಮರೆತೇಹೋಯಿತು.

ಪಾಸ್ಟರ್ ಆ ದಿನ ಹೇಳಿದ್ದು ಅರಸನೊಬ್ಬ ಮಗನ ಮದುವೆ ಮಾಡಿದ ಸಾಮ್ಯ, ಯೇಸು ಹೇಳಿದ ಕತೆ. “ಪರಲೋಕ ರಾಜ್ಯ ಅಂದ್ರ ಒಂದು ಮದುವಿ ಮನಿ. ಕರದವರು ಯಾರೂ ಬರಲಿಲ್ಲ. ಒಬ್ಬಾಂವ ಹೊಲಕ್ಕ ಹೋದ, ಒಬ್ಬಾಂವ ವ್ಯಾಪಾರಕ್ಕ ಹೋದ. ಅರಸ ಏನಂದ? ಕೂಡುರಸ್ತೆಗೆ ಹೋಗ್ರಿ, ಒಳ್ಳೇವ್ರು ಕೆಟ್ಟವ್ರು ಅನ್ನಬ್ಯಾಡ್ರಿ, ಸಿಕ್ಕವ್ರನ್ನೆಲ್ಲ ಕರ್ಕೊಂಡು ಬರ್ರಿ ಅಂದ. ಹಂದರ ತುಂಬಿತು. ಅದರಾಗೊಬ್ಬಾಂವ ಮದುವಿ ಅಂಗಿ ತೊಡದ ಕುಂತಿದ್ದ. ನಮ್ಮ ಆಯೇರ ಇದ್ದಂಗ, ಅರಸನ ಬಾಗಿಲದಾಗ ಬಟ್ಟಿ ಕೊಡ್ತಿದ್ರು ಅಂತ ಹಿರಿಯರು ಹೇಳ್ತಾರ. ಪುಕ್ಕಟ ಕೊಟ್ಟದ್ದನ್ನ ತೊಡಲಿಲ್ಲ ಅಂದ್ರ ಅದು ಬಡತನ ಅಲ್ಲ, ಕೊಟ್ಟವ್ರನ್ನ ಬ್ಯಾಡ ಅಂದಂಗ. ಹ್ಯಾಂಗ ಒಳಗ ಬಂದಿ ಅಂತ ಅರಸ ಕೇಳಿದ. ಅವನ ಬಾಯಿ ಕಟ್ಟಿತು. ಹೊರಗ ಹಾಕಿಸಿಬಿಟ್ಟ.”

ಪಾಸ್ಟರಿಗೆ ಸಿದ್ಧರಾಮ ಯಾರೆಂದೂ ಗೊತ್ತಿರಲಿಲ್ಲ. ಆದರೆ ಹಾಲಿನಲ್ಲಿದ್ದ ಗಂಡಸರೆಲ್ಲ ಹೊಸ ಅಂಗಿ ತೊಟ್ಟಿದ್ದರು. ಒಬ್ಬೊಬ್ಬರಾಗಿ ಕಡೆಯ ಕುರ್ಚಿಯತ್ತ ತಿರುಗಿದರು. ಎಸ್ತೇರಳೂ ತಿರುಗಿದಳು. ಅವಳ ನೋಟ ಅವನ ಅಂಗಿಯ ಮೇಲೆ ನಿಂತಿತು, ಮುಖದವರೆಗೆ ಏರಲಿಲ್ಲ. ಸಿದ್ಧರಾಮ ಎದ್ದು, ಚೀಲ ಹಿಡಿದುಕೊಂಡು, ಉಣ್ಣದೆ ಹೊರಟುಹೋದ.

ನಾಲ್ಕು ದಿನ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಯಾರದೋ ಕುಪ್ಪಸಕ್ಕೆ ಎಡತೋಳನ್ನು ಬಲಕ್ಕೆ ಹಚ್ಚಿದಳು. ಬಿಚ್ಚಿ, ಮತ್ತೆ ಅದನ್ನೇ ಮಾಡಿದಳು. ಓಣಿಯಲ್ಲಿ ಬೈಕ್ ನಿಂತ ಸಪ್ಪಳಕ್ಕೆಲ್ಲ ಎದ್ದು ಬಂದಳು. ಫೋನ್ ತೆಗೆದು ಅವನ ಹೆಸರು ನೋಡಿ ಇಟ್ಟಳು. ಅಂಗಿ ಬೇಡವಾದರೆ ಮೊದಲೇ ಹೇಳಬಾರದಿತ್ತೇ? ಅಷ್ಟು ಜನರ ಮುಂದೆ ಹಳೆಯದನ್ನು ತೊಟ್ಟು ಬಂದು ತೋರಿಸಬೇಕಿತ್ತೇ?

ಐದನೆಯ ದಿನ ಇಸ್ತ್ರಿ ಹಾಕುವಾಗ ಅವಳಿಗೆ ಆ ಸಾಮ್ಯದ ಮನುಷ್ಯ ನೆನಪಾದ. ಬಾಯಿ ಕಟ್ಟಿದವನು. ಬಾಯಿ ಕಟ್ಟಿದವನಿಗೆ ಮಾತು ಬರಲು ಒಂದು ಗಳಿಗೆ ಬೇಕಾಗುತ್ತದೆ. ಅರಸ ಕಾದನೇ? ಅರಸನಾದರೂ ಬಾಯಿ ಬಿಟ್ಟು ಕೇಳಿದ್ದ. ತಾನು ಅದನ್ನೂ ಮಾಡಿರಲಿಲ್ಲ. ನೋಡಿಯೇ ಹೊರಗೆ ಹಾಕಿದ್ದಳು.

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ, ಅಂಗಡಿಗೆ ಕೀಲಿ ಹಾಕಿ, ಅವನು ರಜೆಯ ಮೇಲೆ ಊರಿಗೆ ಹೋಗಿದ್ದಾನೆಂದು ಕರೆಂಟಿನ ಆಫೀಸಿನಲ್ಲಿ ಕೇಳಿಕೊಂಡು, ತಾಳಿಕೋಟಿ ಮೇಲಿಂದ ಸಿಂದಗಿಗೆ ಹೋಗುವ ಬಸ್ ಹತ್ತಿದಳು. ದೇವರ ಹಿಪ್ಪರಗಿಯಲ್ಲಿ ಸಂತೆಯ ಜನ ಹತ್ತಿದರು. ಯಾರದೋ ಕೋಳಿ ಅವಳ ಕಾಲ ಮೇಲೆ ಕುಳಿತಿತ್ತು. ಮೂರು ಸಲ ಇಳಿದು ವಾಪಸ್ ಹೋಗಬೇಕೆನಿಸಿತು. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಇಳಿಯುವುದೂ ಸುಲಭವಿರಲಿಲ್ಲ.

ದೇವಣಗಾಂವದಲ್ಲಿ ಅವನ ತಾಯಿ ರಾಮವ್ವ ಕುರಿಮರಿಗೆ ಸೊಪ್ಪು ಕಟ್ಟುತ್ತಿದ್ದಳು. ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

“ಅಂಗಿ ಹೊಲ್ದಾಕಿ ನೀನೇನು?”

“ಹೌದ್ರಿ ಯವ್ವಾ.”

“ಹೊಲಿಗಿ ಛಲೋ ಐತಿ. ಬುದ್ಧಿ ಅಷ್ಟಕ್ಕಷ್ಟ.” ರಾಮವ್ವ ಸೊಪ್ಪನ್ನು ಬಿಗಿಯಾಗಿ ಕಟ್ಟಿದಳು. “ನಮ್ಮ ಮನ್ಯಾಗ ಒಂದು ರೀತಿ ಐತಿ. ಹೆಣ್ಣು ಕೊಟ್ಟ ಅಂಗಿ ತೊಟ್ಟು ಅವ್ರ ಹಂದರದಾಗ ಕುಂತ ಅಂದ್ರ ಆಕಿನ್ನ ಮಾಡ್ಕೋತೇನಿ ಅಂತ ನಾಕು ಮಂದಿ ಮುಂದ ಹೇಳಿದಂಗ. ಆಕಿ ಎಲ್ಲಾರಿಗೂ ಕೊಟ್ಟಂಗ ಕೊಟ್ಟಾಳ ಅಂತ ಇಂವ ಅಂದ. ಹಂಗಾದ್ರ ತೊಡಬ್ಯಾಡ, ಒಬ್ಬರ ಮಗಳ ಹೆಸರ ಕೆಡಿಸಬ್ಯಾಡ, ಮೊದಲ ಆಕಿನ್ನ ಕೇಳು ಅಂದೆ. ಚೀಲದಾಗ ಹಾಕ್ಕೊಂಡು ಕೇಳಾಕ ಬಂದಿದ್ದ. ನಿಮ್ಮ ಪಾಸ್ಟರ್ ಅಯ್ನಾರು ಕೇಳಾಕ ಬಿಟ್ರೇನು?”

ಎಸ್ತೇರ ಅಲ್ಲೇ ಕಟ್ಟೆಯ ಮೇಲೆ ಕುಳಿತಳು.

“ಇನ್ನೊಂದು ಕೇಳ್ತೇನಿ,” ಎಂದಳು ರಾಮವ್ವ. “ನಿಮ್ಮವ್ರು ನನ್ನ ಮಗನ ಹೆಸರ ಬದಲಿ ಮಾಡ್ತಾರೇನು? ನಮ್ಮ ದೇವ್ರಿಗೆ ಕೈ ಮುಗೀಬ್ಯಾಡ ಅಂತಾರೇನು?”

“ಅವ್ರು ಏನರ ಅನ್ನಲಿ ಯವ್ವಾ. ನಾ ಟೇಲರ್. ಮೈ ನೋಡಿ ಅಂಗಿ ಹೊಲೀತೇನಿ. ಅಂಗಿ ನೋಡಿ ಮೈ ಕತ್ತರಿಸಂಗಿಲ್ಲ.”

ರಾಮವ್ವ ಒಳಗೆ ಹೋಗಿ ಮಜ್ಜಿಗೆ ತಂದಳು.

ಸಿದ್ಧರಾಮ ರಜೆ ಹಾಕಿ ಹೊಲದಲ್ಲಿದ್ದ. ಪಂಪ್‌ಸೆಟ್ಟಿನ ಡಬ್ಬಿ ಬಿಚ್ಚಿಕೊಂಡು ಕೂತಿದ್ದವನು ಬದುವಿನ ಮೇಲೆ ಬರುತ್ತಿದ್ದ ಅವಳನ್ನು ಕಂಡು ಎದ್ದ. ಕೈಯಲ್ಲಿದ್ದ ಸ್ಕ್ರೂ ಮಣ್ಣಿಗೆ ಬಿತ್ತು. ಇಬ್ಬರೂ ಅದನ್ನೇ ಹುಡುಕಿದರು. ಮಾತು ಹುಡುಕುವುದಕ್ಕಿಂತ ಅದು ಸುಲಭವಿತ್ತು.

“ನಾ ಸುಳ್ಳ ಹೇಳಿದ್ದೆ,” ಎಂದಳು ಎಸ್ತೇರ, ಮಣ್ಣಿಗೇ ಹೇಳುವಂತೆ. “ಎಲ್ಲಾರಿಗೂ ಕೊಟ್ಟಂಗ ಅಲ್ಲ ಅದು.”

“ಮತ್ತ ಹ್ಯಾಂಗ?”

“ಜುಲ್ಫಿಕರ ನೋಡಾಕತ್ತಿದ್ದ.”

“ಇಲ್ಲಿ ಯಾರೂ ಇಲ್ಲ.”

“ನೀವ್ ಅದೀರಲ್ಲ!”

ಈ ಸಲ ಅವನು ನಕ್ಕ. ಎರಡು ವರ್ಷದಲ್ಲಿ ಮೊದಲ ಬಾರಿ ಕ್ಯಾಲೆಂಡರ್ ಇಲ್ಲದ ಜಾಗದಲ್ಲಿ ಅವನ ಕಣ್ಣಿಗೆ ಅವಳಲ್ಲದೆ ಬೇರೆ ಗತಿಯಿರಲಿಲ್ಲ.

“ಕೂಡುರಸ್ತೆದಾಗ ನಿಂತವ್ರನ್ನೆಲ್ಲ ಕರದ್ರಂತಲ್ಲ, ಅದು ಮನಸ್ಸಿಗೆ ಸೇರಿತು ನನಗ,” ಎಂದ. “ಆದ್ರ ನೀ ಕರದದ್ದು ನಾ ಬೇಕಂತನೋ, ಇಲ್ಲಾ ಸುಮ್ನ ಹಂದರ ತುಂಬಾಕೋ, ತಿಳೀಲಿಲ್ಲ. ಕೇಳೂಣು ಅಂತ ಬಂದೆ. ನೀ ನನ್ನ ಅಂಗಿ ನೋಡಿದಿ, ಮಾರಿ ನೋಡಲಿಲ್ಲ.”

“ತಪ್ಪಾತು. ಈಗ ಕೇಳ್ರಿ.”

“ಆ ಅಂಗಿ ತೊಡ್ಲೇನು? ನಮ್ಮ ರೀತಿಲೆ?”

“ತೊಡ್ರಿ,” ಎಂದಳು. ಇನ್ನೊಮ್ಮೆ ಹೇಳಿದಳು, “ತೊಡು.”

ಅವನ ಕೈಗೆ ಗ್ರೀಸು ಮೆತ್ತಿತ್ತು. ಅವಳು ಆ ಕೈಯನ್ನೇ ಹಿಡಿದುಕೊಂಡಳು.

ಮುದ್ದೇಬಿಹಾಳದ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಟಿಸ್ ಹಚ್ಚಿ ಮೂವತ್ತು ದಿನ ಕಾದು ಅವರು ಮದುವೆಯಾದರು. ಆ ಮೂವತ್ತು ದಿನ ಎರಡೂ ಮನೆಗಳಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಸಭೆಯ ಹಿರಿಯರು ಎಸ್ತೇರಳನ್ನು ಹಾಡಿನ ಸಾಲಿನಿಂದ ತೆಗೆದರು. ಈಗ ಅವಳು ಹಿಂದೆ ಕುಳಿತು ಹಾಡುತ್ತಾಳೆ. ಸಿದ್ಧರಾಮನ ಚಿಕ್ಕಪ್ಪ ಬೀರಣ್ಣ ಅವನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟ. ಕಸ್ತೂರೆವ್ವ ಮದುವೆಗೆ ಬಂದಳು, ಊಟಕ್ಕೆ ನಿಲ್ಲಲಿಲ್ಲ. ಪಾಸ್ಟರ್ ಹಾಲಿನಲ್ಲಿ ಮದುವೆ ಮಾಡಿಸಲಾರೆ ಎಂದರು, ಊಟಕ್ಕೆ ಮಾತ್ರ ಬಂದರು. ಇಷ್ಟು ಹೋಯಿತು. ಬಂದದ್ದು ಒಬ್ಬ ಗಂಡ, ಹುಳುಕು ಕಂಡರೆ ಮುಖದ ಮೇಲೇ ಹೇಳುವ ಒಬ್ಬ ಅತ್ತೆ, ಮತ್ತು ಬಾಯಿಬಿಟ್ಟು ಕೇಳುವ ಅಭ್ಯಾಸ.